ರೈಬೋಸೋಮಿನ ರಚನೆಯಲ್ಲಿ ಕಿಣ್ವಗಳ ಸಹಾಯ

(ಶ್ರೀಮಠದ ಮಹೋತ್ಸವದ ಜ್ಞಾನಗೋಷ್ಠಿಯಲ್ಲಿ ನಡೆದ ಉಪನ್ಯಾಸ)

 

ಕಟ್ಟಡವು ಪೂರ್ತಿಯಾದ ಮೇಲೆ ನೋಡುವವರ ಕಣ್ಣಿಗೆ ಬೀಳುವುದು ಕಟ್ಟಡವೇ ಹೊರತು ಅದನ್ನು ಕಟ್ಟುವಾಗ ನಿಲ್ಲಿಸಿದ್ದ ಸಾರವೆಯಲ್ಲ. ಮಹಾದ್ವಾರದ ಕಮಾನನ್ನು ಕಟ್ಟುವಾಗ ಕೆಳಗಡೆ ಮರದ ಆಧಾರವನ್ನು ಕೊಟ್ಟು, ಅದರ ಮೇಲೆ ಕಲ್ಲುಗಳನ್ನು ಒಂದೊಂದಾಗಿ ಕೂಡಿಸಿ, ನಡುನೆತ್ತಿಯ ಕಲ್ಲನ್ನು ಬಿಗಿಯಾಗಿ ಇಟ್ಟು, ಗಾರೆಯು ಬಲಿತ ಮೇಲೆ ಆ ಆಧಾರವನ್ನು ಬಿಚ್ಚಿ ತೆಗೆಯುವರು. ಆಧಾರವಿಲ್ಲದೆ ಕಮಾನು ಏಳದು. ಎದ್ದ ಮೇಲೆ ಆಧಾರವನ್ನು ತೆಗೆಯದಿದ್ದರೆ ಆ ದ್ವಾರದೊಳಗೆ ಯಾರೂ ನಡೆದುಹೋಗುವಂತಿಲ್ಲ. ಸಕಲ ಜೀವಿಗಳ ಶರೀರದೊಳಗೆ ಅತಿಸೂಕ್ಷ್ಮವಾದ ಒಂದು ಕಟ್ಟಡದ ಕೆಲಸವು ಹಗಲಿರುಳು ಇದೇ ಕ್ರಮದಲ್ಲಿ ನಡೆಯುತ್ತಿರುವುದು. ಆ ಕಟ್ಟಡಕ್ಕೆ ರೈಬೋಸೋಮು ಎಂದು ಹೆಸರು. ಅದನ್ನು ಕಟ್ಟಿ ನಿಲ್ಲಿಸಿ, ಕೆಲಸವು ಮುಗಿದೊಡನೆ ಹಿಂದೆಗೆಯುವ ಸಹಾಯಕರಲ್ಲಿ ಮುಖ್ಯವಾದುವು ಕಿಣ್ವಗಳು. ಈ ಸಹಾಯಕರು ಹೇಗೆ ದುಡಿಯುವರು, ಅವರಲ್ಲಿ ಒಬ್ಬನು ತನ್ನ ಕೆಲಸವನ್ನು ಮಾಡದೆ ಹೋದರೆ ಏನಾಗುವುದು ಎಂಬುದೇ ಈ ಉಪನ್ಯಾಸದ ವಿಷಯವು.

ಮೊದಲು ರೈಬೋಸೋಮು ಎಂದರೇನೆಂಬುದನ್ನು ತಿಳಿಯಬೇಕು. ಪ್ರಾಣಿಗಳ ಮತ್ತು ಸಸ್ಯಗಳ ಶರೀರವು ಜೀವಕೋಶಗಳೆಂಬ ಸಣ್ಣ ಸಣ್ಣ ಕೋಣೆಗಳಿಂದಾದುದು. ಆ ಕೋಶಗಳ ವ್ಯಾಪಾರವೆಲ್ಲ ಬಹುಮಟ್ಟಿಗೆ ಪ್ರೋಟೀನುಗಳೆಂಬ ದ್ರವ್ಯಗಳಿಂದ ನಡೆಯುವುದು. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದು, ಸ್ನಾಯುಗಳನ್ನು ಕುಗ್ಗಿಸುವುದು, ಉಂಡ ಅನ್ನವನ್ನು ಜೀರ್ಣಿಸುವುದು, ಒಳಹೊಕ್ಕ ರೋಗಬೀಜಗಳೊಡನೆ ಹೋರಾಡುವುದು ಇವೆಲ್ಲ ಪ್ರೋಟೀನುಗಳ ಕೆಲಸಗಳೇ. ಪ್ರೋಟೀನೆಂಬುದು 20 ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ನಿಯತವಾದ ಕ್ರಮದಲ್ಲಿ ಪೋಣಿಸಿದ ಸರವು. ಯಾವ ಮಣಿಯ ಮುಂದೆ ಯಾವ ಮಣಿಯು ಬರಬೇಕೆಂಬ ಆಜ್ಞೆಯು ಡಿ.ಎನ್.ಎ. ಎಂಬ ಮೂಲ ಓಲೆಯಲ್ಲಿ ಬರೆಯಲ್ಪಟ್ಟಿರುವುದು. ಅದರ ನಕಲು ಆರ್.ಎನ್.ಎ. ಎಂಬ ಎಳೆಯ ರೂಪದಿಂದ ರೈಬೋಸೋಮಿಗೆ ಬಂದು ಮುಟ್ಟುವುದು. ರೈಬೋಸೋಮು ಆ ನಕಲನ್ನು ಓದುತ್ತ ಓದುತ್ತ ಮಣಿಗಳನ್ನು ಪೋಣಿಸುವುದು.

ಇದರ ಗಾತ್ರವು ಎಷ್ಟೆಂದರೆ, ಒಂದು ಅಂಗುಲವನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಹೆಚ್ಚುಕಡಿಮೆ ಒಂದು ಪಾಲಿನಷ್ಟು. ಸಾಮಾನ್ಯವಾದ ಸೂಕ್ಷ್ಮದರ್ಶಕಕ್ಕೆ ಇದು ಗೋಚರವಾಗದು. ರುಮೇನಿಯಾ ದೇಶದಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಜಾರ್ಜ್ ಪಲಾಡೆ ಎಂಬ ವಿದ್ವಾಂಸರು ಎಲೆಕ್ಟ್ರಾನು ಸೂಕ್ಷ್ಮದರ್ಶಕದಿಂದ ಈ ಕಣಗಳನ್ನು ಕಂಡು 1955ರಲ್ಲಿ ವರ್ಣಿಸಿದರು. ಅವರಿಗೆ 1974ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಮುಂದೆ 2000ನೆಯ ಇಸವಿಯ ಸುಮಾರಿಗೆ ರೈಬೋಸೋಮಿನ ಒಂದೊಂದು ಪರಮಾಣುವಿನ ಸ್ಥಾನವನ್ನೂ ಗುರುತಿಸಿದ ನಕ್ಷೆಗಳು ಹೊರಬಂದುವು. ಆ ಮಹತ್ಕಾರ್ಯಕ್ಕಾಗಿ ತಮಿಳುನಾಡಿನ ಚಿದಂಬರದಲ್ಲಿ 1952ರಲ್ಲಿ ಜನಿಸಿದ ವೆಂಕಟರಾಮನ್ ರಾಮಕೃಷ್ಣನ್, ಅಮೆರಿಕದ ಥಾಮಸ್ ಸ್ಟೈಟ್ಸ್ ಮತ್ತು ಇಸ್ರೇಲ್ ದೇಶದ ಅದಾ ಯೊನಾತ್ ಎಂಬ ಮೂವರಿಗೆ 2009ರಲ್ಲಿ ಅದೇ ಪಾರಿತೋಷಕವು ಸಂದಿತು.

ರೈಬೋಸೋಮಿನ ರೂಪವನ್ನು ಮನೆಯ ಬೀಸುವ ಕಲ್ಲಿಗೆ ಹೋಲಿಸಬಹುದು. ಬೀಸುವ ಕಲ್ಲಿಗೆ ಮೇಲುಗಲ್ಲು ಕೆಳಗಲ್ಲುಗಳೆಂದು ಎರಡು ಭಾಗಗಳು. ಕಲ್ಲುಕುಟಿಗನು ಎರಡನ್ನೂ ಬೇರೆ ಬೇರೆಯಾಗಿ ಕಡೆಯುವನು. ಕೂಡಿಸಿದಾಗಲೇ ಹಿಟ್ಟು ಬೀಳುವುದು. ಅದರಂತೆಯೇ ರೈಬೋಸೋಮಿಗೆ ದೊಡ್ಡ ದಳವೊಂದು, ಚಿಕ್ಕ ದಳವೊಂದು. ಚಿಕ್ಕ ದಳವು ಆಜ್ಞೆಯನ್ನು ಓದುವುದು. ದೊಡ್ಡ ದಳವು ಮಣಿಗೆ ಮಣಿಯನ್ನು ಬೆಸೆಯುವುದು. ಇವು ಪ್ರೋಟೀನುಗಳೂ ಆರ್.ಎನ್.ಎ. ಎಳೆಗಳೂ ಕೂಡಿ ಆದುವು. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸಲು ಬಳಸುವ ಯೀಸ್ಟು ಎಂಬ ಸೂಕ್ಷ್ಮಜೀವಿಯ ರೈಬೋಸೋಮಿನಲ್ಲಿ 4 ಆರ್.ಎನ್.ಎ. ಎಳೆಗಳೂ 79 ಪ್ರೋಟೀನುಗಳೂ ಇರುವುವು. ವೇಗವಾಗಿ ಬೆಳೆಯುತ್ತಿರುವ ಒಂದೇ ಒಂದು ಯೀಸ್ಟು ಕೋಶವು ನಿಮಿಷವೊಂದಕ್ಕೆ ಸುಮಾರು 2000 ರೈಬೋಸೋಮುಗಳನ್ನು ಕಟ್ಟುವುದೆಂದು ಲೆಕ್ಕ ಹಾಕಿರುವರು.

ಇನ್ನು ಕಿಣ್ವವೆಂದರೇನು? ಈ ಪದವು ಹೊಸದಲ್ಲ. ಅಮರಕೋಶದಲ್ಲಿಯೇ ಇದು ಬಂದಿರುವುದು. ಹುಳಿಯೆಬ್ಬಿಸುವುದಕ್ಕೆ ಬೆರೆಸುವ ಬೀಜದ್ರವ್ಯವೆಂಬುದು ಅದರ ಹಳೆಯ ಅರ್ಥ. 19ನೆಯ ಶತಮಾನದಲ್ಲಿ ಜರ್ಮನಿಯ ಕ್ಯೂನೆ ಎಂಬ ಪಂಡಿತರು ಗ್ರೀಕ್ ಭಾಷೆಯಿಂದ ಎಂಜೈಮ್ ಎಂಬ ಮಾತನ್ನು ಮಾಡಿದಾಗ ಅದಕ್ಕೂ ಹುದುಗಿನೊಳಗೆ ಇರುವುದೆಂಬುದೇ ಅರ್ಥವಾಗಿದ್ದಿತು. ಎರಡು ಭಾಷೆಗಳ ಮಾತುಗಳೂ ಒಂದೇ ಅನುಭವದಿಂದ ಹುಟ್ಟಿದುವು. ಜೋಳದ ರೊಟ್ಟಿಯ ತುತ್ತನ್ನು ಬಾಯಲ್ಲಿಟ್ಟು ಬಹಳ ಹೊತ್ತು ಅಗಿದರೆ ಸ್ವಲ್ಪ ಸಿಹಿಯಾಗುವುದನ್ನು ಎಲ್ಲರೂ ಬಲ್ಲರು. ಜೊಲ್ಲಿನಲ್ಲಿರುವ ಕಿಣ್ವವು ರೊಟ್ಟಿಯ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣವು. ಹೀಗೆ ತನ್ನಷ್ಟಕ್ಕೆ ಬಹುನಿಧಾನವಾಗಿ ನಡೆಯತಕ್ಕ ಕ್ರಿಯೆಯನ್ನು ಕ್ಷಣದಲ್ಲಿ ನಡೆಯಿಸಿ, ತಾನು ವ್ಯಯವಾಗದೆ ಮತ್ತೊಂದು ಸಲದ ಕೆಲಸಕ್ಕೆ ಸಿದ್ಧವಾಗಿರುವ ದ್ರವ್ಯಕ್ಕೆ ಕಿಣ್ವವೆಂದು ಹೆಸರು. ಕಿಣ್ವಗಳಲ್ಲಿ ಬಹುತೇಕವು ಪ್ರೋಟೀನುಗಳೇ.

ಇಲ್ಲಿ ಬುದ್ಧಿವಂತರಾದ ಶ್ರೋತೃಗಳಿಗೆ ಒಂದು ಸಂಶಯವು ಉಂಟಾಗುವುದು ಸಹಜವು. ಪ್ರೋಟೀನುಗಳನ್ನು ಮಾಡುವುದು ರೈಬೋಸೋಮು, ಕಿಣ್ವಗಳು ಪ್ರೋಟೀನುಗಳು, ಆ ಕಿಣ್ವಗಳೇ ರೈಬೋಸೋಮನ್ನು ಕಟ್ಟುವುವು ಎಂದಮೇಲೆ, ಮೊದಲು ಯಾವುದು, ಆಮೇಲೆ ಯಾವುದು? ಇದು ಪಾಠಶಾಲೆಗಳಲ್ಲಿ ಹೇಳುವ ಬೀಜವೃಕ್ಷನ್ಯಾಯವೇ ಸರಿ. ಈ ಸಂಶಯಕ್ಕೆ ಉತ್ತರವು ಉಪನ್ಯಾಸದ ಕೊನೆಯಲ್ಲಿ ಬರುವುದು.

ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆಯುಂಟು. ಬಿಡಿಭಾಗಗಳನ್ನೆಲ್ಲ ಒಂದೆಡೆಗೆ ಸೇರಿಸಿದರೆ ರೈಬೋಸೋಮು ತನ್ನಷ್ಟಕ್ಕೆ ತಾನೇ ಕೂಡಿಕೊಳ್ಳಲಾರದೆ? ಸಹಾಯಕರು ಏಕೆ ಬೇಕು? ಇದನ್ನು ಪರೀಕ್ಷಿಸಿದವರು ಜಪಾನ್ ದೇಶದಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೆಲಸಮಾಡುತ್ತಿದ್ದ ಮಸಯಾಸು ನೊಮುರಾ ಅವರು. 1968ರಲ್ಲಿ ಅವರೂ ಅವರ ಸಹೋದ್ಯೋಗಿ ಟ್ರೌಬ್ ಅವರೂ ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಯ ರೈಬೋಸೋಮಿನ ಚಿಕ್ಕ ದಳವನ್ನು ಬಿಡಿಬಿಡಿಯಾಗಿ ಬಿಚ್ಚಿ, ಆರ್.ಎನ್.ಎ. ಎಳೆಯನ್ನೂ ಪ್ರೋಟೀನುಗಳನ್ನೂ ಗಾಜಿನ ನಳಿಗೆಯಲ್ಲಿ ಮತ್ತೆ ಬೆರೆಸಿ, ತಕ್ಕ ಲವಣಗಳೊಡನೆ 40 ಡಿಗ್ರಿ ಸೆಂಟಿಗ್ರೇಡಿನಷ್ಟು ಬೆಚ್ಚಗಿರಿಸಿದರು. ಭಾಗಗಳು ಕೂಡಿಕೊಂಡು ಕೆಲಸಮಾಡಬಲ್ಲ ದಳವಾದುವು. ಕೂಡುವ ವಿಧಾನವು ಆ ಭಾಗಗಳ ಸ್ವಭಾವದಲ್ಲಿಯೇ ಅಡಗಿರುವುದೆಂದು ಇದರಿಂದ ಸಿದ್ಧವಾಯಿತು. 1974ರಲ್ಲಿ ಬರ್ಲಿನ್ ನಗರದಲ್ಲಿ ನೀರ್‌ಹೌಸ್ ಮತ್ತು ಡೋಮೆ ಎಂಬವರು ದೊಡ್ಡ ದಳವನ್ನೂ ಹಾಗೆಯೇ ಕೂಡಿಸಿದರು. ಆದರೆ ಅದಕ್ಕೆ ಅವರು ಮೊದಲು 44 ಡಿಗ್ರಿಯಲ್ಲಿ 20 ನಿಮಿಷ, ಆಮೇಲೆ ಲವಣವನ್ನು ಹೆಚ್ಚಿಸಿ 50 ಡಿಗ್ರಿಯಲ್ಲಿ 90 ನಿಮಿಷ ಕಾಯಿಸಬೇಕಾಯಿತು.

ಈ ಅಂಕಿಗಳನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಅದೇ ಬ್ಯಾಕ್ಟೀರಿಯಾ ಜೀವಂತವಾಗಿರುವಾಗ 37 ಡಿಗ್ರಿಯ ಸಾಧಾರಣ ಬಿಸುಪಿನಲ್ಲಿಯೇ ಈ ಕಾರ್ಯವನ್ನು ಎರಡು ನಿಮಿಷಗಳ ಆಸುಪಾಸಿನಲ್ಲಿ ಮುಗಿಸುವುದು. ನಳಿಗೆಯಲ್ಲಿ ತಾಸುಗಟ್ಟಲೆ ಕಾಯಿಸಿದರೂ ಕಷ್ಟದಿಂದ ಆಗುವುದು ಕೋಶದಲ್ಲಿ ಇಷ್ಟು ಬೇಗನೆ ಆಗುವುದಾದರೂ ಹೇಗೆ? ಆರ್.ಎನ್.ಎ. ಎಳೆಯು ಉದ್ದವಾದುದು, ಅದು ಮಡಿಸಿಕೊಳ್ಳುವಾಗ ಒಂದೆಡೆಯಲ್ಲಿ ತಪ್ಪು ಮಡಿಕೆಯು ಬಿದ್ದರೆ ಎಳೆಯು ಅಲ್ಲಿಯೇ ಸಿಕ್ಕಾಗಿ ನಿಲ್ಲುವುದು. ನೂಲಿನ ಲಡಿಯು ಸಿಕ್ಕಾದಾಗ ನೇಕಾರನು ಬೆರಳಿಂದ ಬಿಡಿಸಬೇಕಾಗುವಂತೆ ಇಲ್ಲಿಯೂ ಬಿಡಿಸುವವರು ಬೇಕು. ನಳಿಗೆಯಲ್ಲಿ ಅತಿಯಾದ ಬಿಸಿಯು ಆ ಕೆಲಸವನ್ನು ಹೇಗೋ ಮಾಡುವುದು. ಕೋಶದಲ್ಲಿ ಅದನ್ನು ಕಿಣ್ವಗಳು ಮಾಡುವುವು. ಕೂಡುವ ಯೋಗ್ಯತೆಯು ಭಾಗಗಳಲ್ಲಿರುವುದು. ಸಕಾಲದಲ್ಲಿ ತಪ್ಪಿಲ್ಲದೆ ಕೂಡಿಸುವ ಹೊಣೆಯು ಸಹಾಯಕರ ಮೇಲಿರುವುದು.

ಇನ್ನು ಯೀಸ್ಟು ಕೋಶದಲ್ಲಿ ಈ ಕಾರ್ಯವು ನಡೆಯುವ ಕ್ರಮವನ್ನು ಆದಿಯಿಂದ ನೋಡಬಹುದು. ಮನುಷ್ಯನ ಕೋಶಗಳಲ್ಲಿಯೂ ಕ್ರಮವು ಬಹುಮಟ್ಟಿಗೆ ಇದೇ. ಕೋಶದ ನಡುವೆ ಕೋಶಕೇಂದ್ರವೆಂಬ ಗರ್ಭಗೃಹವಿರುವುದು. ಅದರೊಳಗೆ ಕಿರುಕೇಂದ್ರವೆಂಬ ದಟ್ಟವಾದ ಒಂದು ಭಾಗವುಂಟು. ಅದೇ ರೈಬೋಸೋಮುಗಳ ಕಮ್ಮಟವು. ಅಲ್ಲಿ ಆರ್.ಎನ್.ಎ. ಪಾಲಿಮರೇಸ್ ಎಂಬ ಕಿಣ್ವವು ಮೂಲ ಓಲೆಯನ್ನು ನೋಡಿ ಆರೂವರೆ ಸಾವಿರಕ್ಕೂ ಮಿಕ್ಕಿದ ಅಕ್ಷರಗಳುಳ್ಳ ಒಂದೇ ಉದ್ದದ ಎಳೆಯನ್ನು ಬರೆಯುವುದು. ರೈಬೋಸೋಮಿಗೆ ಬೇಕಾದ ನಾಲ್ಕು ಎಳೆಗಳಲ್ಲಿ ಮೂರು ಈ ಒಂದೇ ಎಳೆಯೊಳಗೆ ಹುದುಗಿರುವುವು. ನಾಲ್ಕನೆಯದನ್ನು ಮತ್ತೊಂದು ಪಾಲಿಮರೇಸ್ ಬೇರೆಯಾಗಿ ಬರೆಯುವುದು. ಹೊರಗಣ ಹಳೆಯ ರೈಬೋಸೋಮುಗಳು ಮಾಡಿದ ಪ್ರೋಟೀನುಗಳು ಕೋಶಕೇಂದ್ರದೊಳಗೆ ಬಂದು, ಎಳೆಯ ಬರವಣಿಗೆಯು ಮುಗಿಯುವುದಕ್ಕೆ ಮುಂಚೆಯೇ ಅದನ್ನು ಹತ್ತಿಕೊಳ್ಳತೊಡಗುವುವು.

ಎರಡನೆಯದು ಗುರುತಿಡುವ ಕೆಲಸವು. ಎಳೆಯ ನೂರಕ್ಕೂ ಹೆಚ್ಚಿನ ನಿಯತ ಸ್ಥಾನಗಳಲ್ಲಿ ಅಕ್ಷರಗಳಿಗೆ ಸ್ವಲ್ಪ ಸ್ವಲ್ಪ ಮಾರ್ಪಾಟನ್ನು ಮಾಡಬೇಕಾಗಿರುವುದು. ಲಿಪಿಕಾರನು ಅಕ್ಷರಗಳ ಮೇಲೆ ದೀರ್ಘವನ್ನೂ ಒತ್ತನ್ನೂ ಕೊಡುವಂತೆ ಕೆಲವು ಕಿಣ್ವಗಳು ಈ ಗುರುತುಗಳನ್ನಿಡುವುವು. ಎಲ್ಲಿ ಇಡಬೇಕೆಂಬುದನ್ನು ತೋರಿಸುವುದಕ್ಕೆ ಸುಮಾರು 75 ಬಗೆಯ ಕಿರು ಆರ್.ಎನ್.ಎ. ಗಳು ಮಾರ್ಗದರ್ಶಕರಂತೆ ಇರುವುವು. ಮೂರನೆಯದು ಕತ್ತರಿಸುವ ಕೆಲಸವು. ಬೇಡವಾದ ಅಂಚುಗಳನ್ನೂ ನಡುವಣ ತುಂಡುಗಳನ್ನೂ ಕತ್ತರಿಸಿ ಹಾಕುವ ಕಿಣ್ವಗಳಿಗೆ ರೈಬೋನ್ಯೂಕ್ಲಿಯೇಸುಗಳೆಂದು ಹೆಸರು. ಅವು ಒಂದಾದ ಮೇಲೊಂದರಂತೆ ಕತ್ತರಿಸುತ್ತ ಬರಲಾಗಿ, ಒಂದೇ ಆಗಿದ್ದ ಎಳೆಯು ಮೂರಾಗುವುದು.

ನಾಲ್ಕನೆಯದು ಬಿಡಿಸುವ ಕೆಲಸವು. ಹೆಲಿಕೇಸುಗಳೆಂಬ ಕಿಣ್ವಗಳು ಎ.ಟಿ.ಪಿ. ಎಂಬ ಶಕ್ತಿದ್ರವ್ಯವನ್ನು ವೆಚ್ಚಮಾಡಿ ಎಳೆಗೆ ಎಳೆಯು ಹೆಣೆದುಕೊಂಡಿರುವ ಕಡೆಗಳನ್ನು ಬಿಡಿಸುವುವು. ಒಂದು ನಿದರ್ಶನವನ್ನು ಹೇಳಬಹುದು. ಮಾರ್ಗದರ್ಶಕಗಳಲ್ಲಿ ಯು-3 ಎಂಬ ಹೆಸರಿನದೊಂದು ಚಿಕ್ಕ ದಳದ ಎಳೆಯೊಡನೆ ಹೆಣೆದುಕೊಂಡು, ಎಳೆಯು ಅಕಾಲದಲ್ಲಿ ಮಡಿಸಿಕೊಳ್ಳದಂತೆ ತಡೆದಿರುವುದು. ಕಮಾನಿನ ಕೆಳಗಣ ಮರದ ಆಧಾರವೆಂದರೆ ಇದೇ. ಕಾಲವು ಒದಗಿದಾಗ ಡಿ.ಎಚ್.ಆರ್.-1 ಎಂಬ ಹೆಲಿಕೇಸು ಬಂದು ಯು-3 ಅನ್ನು ಬಿಡಿಸಿ ಬೇರ್ಪಡಿಸುವುದು. ಆಗಲೇ ಎಳೆಯು ತನ್ನ ನಡುಗಂಟನ್ನು ಹಾಕಿಕೊಂಡು ನಿಜರೂಪಕ್ಕೆ ಬರುವುದು. ಐದನೆಯದು ಕೀಳುವ ಕೆಲಸವು. ದೊಡ್ಡ ದಳಕ್ಕೆ ಹತ್ತಿಕೊಂಡಿರುವ ಕೆಲವು ಸಹಾಯಕ ಪ್ರೋಟೀನುಗಳನ್ನು ಬಲವಂತವಾಗಿ ಎಳೆದು ತೆಗೆಯಬೇಕಾಗುವುದು. ಇದನ್ನು ಮಾಡುವ ರಿಯಾ-1 ಎಂಬ ಕಿಣ್ವವು 4,910 ಅಮೈನೋ ಆಮ್ಲಗಳ ಸರವಾಗಿದ್ದು, ಯೀಸ್ಟಿನ ಪ್ರೋಟೀನುಗಳಲ್ಲೆಲ್ಲ ದೊಡ್ಡದೆನಿಸಿರುವುದು. ಕಟ್ಟುವ ಕೆಲಸಕ್ಕಿಂತ ಬಿಚ್ಚುವ ಕೆಲಸಕ್ಕೆ ದೊಡ್ಡ ಆಳು ಬೇಕಾದುದು ವಿಚಾರಮಾಡತಕ್ಕ ಸಂಗತಿಯು.

ಹೀಗೆ ಒಂದು ರೈಬೋಸೋಮನ್ನು ಕಟ್ಟಲು ಯೀಸ್ಟಿನಲ್ಲಿ 200ಕ್ಕೂ ಮೇಲ್ಪಟ್ಟ ಸಹಾಯಕ ಪ್ರೋಟೀನುಗಳು ದುಡಿಯುವುವು. ಅವುಗಳಲ್ಲಿ ಕೆಲವು ಕಿಣ್ವಗಳು, ಕೆಲವು ಬರಿಯ ಊರೆಗೋಲುಗಳು. ಪೂರ್ತಿಯಾದ ರೈಬೋಸೋಮನ್ನು ಬಿಚ್ಚಿ ನೋಡಿದರೆ ಇವುಗಳಲ್ಲಿ ಒಂದೂ ಅದರಲ್ಲಿ ಉಳಿದಿರುವುದಿಲ್ಲ. 79ರ ಲೆಕ್ಕದಲ್ಲಿ ಈ 200ಕ್ಕೆ ಸ್ಥಾನವಿಲ್ಲ. ಇವು ಇರುವ ಸಂಗತಿಯು ಬಹುಕಾಲ ತಿಳಿಯದೆ ಹೋದುದಕ್ಕೆ ಇದೇ ಕಾರಣವು. ಅರೆಗಟ್ಟಿದ ರೈಬೋಸೋಮುಗಳನ್ನು ಹಿಡಿದು, ಕ್ಷಣದಲ್ಲಿ ಹೆಪ್ಪುಗಟ್ಟುವಂತೆ ತಂಪುಮಾಡಿ, ಎಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವು ಬಲಗೊಂಡ ಮೇಲೆಯೇ, ಎಂದರೆ 2010ರ ಈಚೆಗೆ, ಸಾರವೆಯೊಡನೆ ನಿಂತ ಕಟ್ಟಡದ ಚಿತ್ರಗಳು ಸ್ಪಷ್ಟವಾಗಿ ದೊರೆತುವು. ಆ ವಿಧಾನವನ್ನು ರೂಪಿಸಿದ ಮೂವರು ವಿದ್ವಾಂಸರಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ಸಹಾಯಕನು ಇಲ್ಲದಿದ್ದರೆ ಹಾನಿಯೆಂಬುದು ಸ್ಪಷ್ಟವೇ. ಆದರೆ ಸಹಾಯಕನು ಬಂದು ನಿಂತು, ತನ್ನ ಕೆಲಸವನ್ನು ಮಾಡದೆ, ತೊಲಗದೆಯೂ ಇದ್ದರೆ? ಇದಕ್ಕೆ ಉತ್ತರವನ್ನು ಒಂದು ಬ್ಯಾಕ್ಟೀರಿಯಾ ಕಿಣ್ವದಿಂದ ತಿಳಿಯಬಹುದು. ಜಪಾನಿನ ನಾರಾ ನಗರದ ಕಸುಗಾ ದೇವಸ್ಥಾನದ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯಿಂದ 1965ರಲ್ಲಿ ಕಸುಗಮೈಸಿನ್ ಎಂಬ ಔಷಧವನ್ನು ಪಡೆದರು. ಬತ್ತದ ಪೈರಿಗೆ ಬರುವ ಬೆಂಕಿರೋಗಕ್ಕೆ ಇದನ್ನು ಸಿಂಪಡಿಸುವರಾದುದರಿಂದ ಕನ್ನಡನಾಡಿನ ಕೆಲವು ರೈತರಿಗೂ ಇದರ ಹೆಸರು ಪರಿಚಿತವಾಗಿರಬಹುದು. ಈ ಔಷಧವು ರೈಬೋಸೋಮಿನ ಕೆಲಸವನ್ನು ತಡೆಯುವುದು. ಕೆಲವು ಬ್ಯಾಕ್ಟೀರಿಯಾಗಳಿಗೆ ಇದು ತಗಲದೆ ಹೋದುದೇಕೆಂದು 1971ರ ಸುಮಾರಿಗೆ ಶೋಧಿಸಲಾಗಿ, ಅವುಗಳಲ್ಲಿ ಕೆ.ಎಸ್.ಜಿ.ಎ. ಎಂಬ ಕಿಣ್ವದ ಕೆಲಸವು ನಡೆದಿಲ್ಲವೆಂದು ತಿಳಿಯಿತು. ಈ ಕಿಣ್ವವು ಚಿಕ್ಕ ದಳದ ಎಳೆಯ ಕೊನೆಯ ಬಳಿ ಅಕ್ಕಪಕ್ಕದ ಎರಡು ಅಕ್ಷರಗಳ ಮೇಲೆ ಎರಡೆರಡು ಗುರುತುಗಳನ್ನಿಟ್ಟು ಹೊರಟುಹೋಗುವುದು. ಇದೇ ಬಗೆಯ ಕಿಣ್ವವು ಮನುಷ್ಯನವರೆಗೆ ಬಹುತೇಕ ಎಲ್ಲ ಜೀವಿಗಳಲ್ಲಿಯೂ ಇರುವುದು.

ಈ ಕಿಣ್ವವೇ ಇಲ್ಲದ ಬ್ಯಾಕ್ಟೀರಿಯಾವು ಸ್ವಲ್ಪ ಕುಂದಿದರೂ ಬದುಕುವುದು. ಆದರೆ 2008ರಲ್ಲಿ ಅಮೆರಿಕದ ವಿದ್ವಾಂಸರು ಇದರಲ್ಲಿ ಒಂದು ಅಮೈನೋ ಆಮ್ಲವನ್ನು ಮಾತ್ರ ಬದಲಿಸಿ, ದಳಕ್ಕೆ ಹತ್ತಿಕೊಳ್ಳಬಲ್ಲುದಾದರೂ ಗುರುತಿಡಲಾರದ ಕಿಣ್ವವನ್ನು ಮಾಡಿದರು. ಅದನ್ನು ಕೋಶದಲ್ಲಿ ಹೆಚ್ಚಾಗಿ ಹುಟ್ಟಿಸಿದಾಗ, ಅದು ಅರೆಗಟ್ಟಿದ ದಳಗಳನ್ನು ಹಿಡಿದುಕೊಂಡು ನಿಂತುಬಿಟ್ಟಿತು. ರೈಬೋಸೋಮುಗಳ ರಚನೆಯು ಕೆಟ್ಟು ಬ್ಯಾಕ್ಟೀರಿಯಾದ ಬೆಳವಣಿಗೆಯೇ ಕುಂಠಿತವಾಯಿತು. ತನ್ನ ಕೆಲಸವನ್ನು ಮಾಡುವುದೇ ಆ ಕಿಣ್ವಕ್ಕೆ ಹೊರಡುವುದಕ್ಕೆ ಸಿಕ್ಕುವ ಅಪ್ಪಣೆ. ಕೆಲಸವನ್ನು ಮಾಡದೆ ಸ್ಥಾನವನ್ನು ಮಾತ್ರ ಹಿಡಿದಿರುವವನು ಇಲ್ಲದವನಿಗಿಂತ ಹೆಚ್ಚಿನ ಕೇಡನ್ನು ಮಾಡುವನೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಕಿಲ್ಲ.

ಕಟ್ಟಿದ ಮೇಲೆ ಪರೀಕ್ಷೆಯೂ ಉಂಟು. ಹೊಸ ಬೀಸುವ ಕಲ್ಲನ್ನು ತಂದ ಗೃಹಿಣಿಯು ಒಮ್ಮೆಗೇ ಅದರಲ್ಲಿ ಜೋಳವನ್ನು ಹಾಕುವುದಿಲ್ಲ. ಮೊದಲು ಹೊಟ್ಟನ್ನು ಬೀಸಿ, ಕಲ್ಲುಗಳು ಸರಿಯಾಗಿ ಕೂಡುವುವೆ, ಕಲ್ಲಿನ ಹುಡಿಯು ಹೋಯಿತೆ ಎಂದು ನೋಡಿ ಆಮೇಲೆ ಧಾನ್ಯವನ್ನು ಹಾಕುವಳು. ಯೀಸ್ಟು ಕೋಶವೂ ಹೀಗೆಯೇ ಮಾಡುವುದೆಂದು 2012ರಲ್ಲಿ ತಿಳಿದುಬಂದಿತು. ಇನ್ನೂ ಪೂರ್ತಿಯಾಗದ ಚಿಕ್ಕ ದಳವನ್ನು ಒಂದು ದೊಡ್ಡ ದಳದೊಡನೆ ಒಮ್ಮೆ ಕೂಡಿಸಿ ನೋಡಲಾಗುವುದು. ಆಗ ಯಾವ ಸರವೂ ಪೋಣಿಸಲ್ಪಡುವುದಿಲ್ಲ. ಸರಿಯಾಗಿ ಕೂಡಿದಾಗಲೇ ನೋಬ್-1 ಎಂಬ ಕಿಣ್ವವು ಎಳೆಯ ತುದಿಯಲ್ಲಿ ಉಳಿದಿದ್ದ ಕೊನೆಯ ತುಂಡನ್ನು ಕತ್ತರಿಸುವುದು. ಅದು ಕತ್ತರಿಸಿದರೆ ದಳವು ಕೆಲಸಕ್ಕೆ ಯೋಗ್ಯವಾಯಿತೆಂದು ತಿಳಿಯತಕ್ಕದ್ದು.

ಇಷ್ಟು ಸೂಕ್ಷ್ಮವಾದ ಸಂಗತಿಗಳಿಂದ ಸಂಸಾರಸ್ಥರಿಗೆ ಏನು ಪ್ರಯೋಜನವೆಂದು ಯಾರಾದರೂ ಕೇಳಬಹುದು. ಪ್ರಯೋಜನವುಂಟು, ಅದು ಮಕ್ಕಳ ಪ್ರಾಣಕ್ಕೆ ಸಂಬಂಧಿಸಿದುದು. 1964ರಲ್ಲಿ ಅಮೆರಿಕದ ಶ್ವಾಕ್‌ಮನ್, ಡೈಮಂಡ್ ಮೊದಲಾದ ವೈದ್ಯರು ಶಿಶುಗಳಲ್ಲಿ ಕಾಣಿಸಿಕೊಳ್ಳುವ ಅಪರೂಪವಾದ ಒಂದು ರೋಗವನ್ನು ವರ್ಣಿಸಿದರು. ಆ ಮಗುವಿನ ಮೇದೋಜೀರಕ ಗ್ರಂಥಿಯು ಜೀರ್ಣಕ್ಕೆ ಬೇಕಾದ ಕಿಣ್ವಗಳನ್ನು ಸಾಕಷ್ಟು ಕೊಡದು, ಉಂಡ ಜಿಡ್ಡು ಜೀರ್ಣವಾಗದೆ ಮಲದಲ್ಲಿ ಹೋಗುವುದು, ಮಗುವು ಬೆಳೆಯದು. ರಕ್ತದ ಬಿಳಿಯ ಕಣಗಳು ಕಡಿಮೆಯಾಗಿ ಅಡಿಗಡಿಗೆ ಸೋಂಕುಗಳು ತಗಲುವುವು. ಎಲುಬುಗಳ ಬೆಳವಣಿಗೆಯೂ ಕುಂದುವುದು. ಇಂಥವರಲ್ಲಿ ಕೆಲವರಿಗೆ ಮುಂದೆ ರಕ್ತದ ಅರ್ಬುದರೋಗವು ಬರುವುದೂ ಉಂಟು. ಗ್ರಂಥಿ, ರಕ್ತ, ಎಲುಬು ಇವುಗಳಲ್ಲಿ ಒಂದಕ್ಕೊಂದು ಸಂಬಂಧವೇ ಕಾಣದಿದ್ದುದರಿಂದ ಮೂಲಕಾರಣವು ಬಹುಕಾಲ ತಿಳಿಯಲಿಲ್ಲ.

2003ರಲ್ಲಿ ಕೆನಡಾ ದೇಶದ ಟೊರೊಂಟೊ ನಗರದಲ್ಲಿ ಈ ರೋಗಕ್ಕೆ ಕಾರಣವಾದ ವಂಶಬೀಜವನ್ನು ಕಂಡುಹಿಡಿದು ಎಸ್.ಬಿ.ಡಿ.ಎಸ್. ಎಂದು ಹೆಸರಿಟ್ಟರು. ಆದರೆ ಅದರಿಂದ ಆಗುವ ಪ್ರೋಟೀನಿನ ಕೆಲಸವೇನೆಂಬುದು ಗೊತ್ತಿರಲಿಲ್ಲ. ಉತ್ತರವು ಯೀಸ್ಟಿನಿಂದ ಬಂದಿತು. ಹೊಸದಾಗಿ ಕಟ್ಟಿದ ದೊಡ್ಡ ದಳದ ಮೇಲೆ, ಚಿಕ್ಕ ದಳವು ಬಂದು ಕೂಡಬೇಕಾದ ಸ್ಥಳದಲ್ಲಿಯೇ, ಇ.ಐ.ಎಫ್.-6 ಎಂಬ ಸಹಾಯಕ ಪ್ರೋಟೀನು ಗೂಟದಂತೆ ಕುಳಿತಿರುವುದು. ಅಕಾಲದಲ್ಲಿ ಎರಡು ದಳಗಳೂ ಕೂಡಬಾರದೆಂಬುದೇ ಅದರ ಉದ್ದೇಶ. ಎರಡು ಕಲ್ಲುಗಳ ನಡುವೆ ಗೂಟವಿದ್ದರೆ ಬೀಸುವ ಕಲ್ಲು ತಿರುಗುವುದೆ? ಕಾಲವು ಬಂದಾಗ ಆ ಗೂಟವನ್ನು ಕೀಳಬೇಕು. ಕೀಳುವುದು ಇ.ಎಫ್.ಎಲ್.-1 ಎಂಬ ಕಿಣ್ವವು. ಅದು ಜಿ.ಟಿ.ಪಿ. ಎಂಬ ಶಕ್ತಿದ್ರವ್ಯವನ್ನು ವೆಚ್ಚಮಾಡುವುದು. ಅದಕ್ಕೆ ಜೊತೆಯಾಳಾಗಿ ನಿಲ್ಲುವುದೇ ಎಸ್.ಬಿ.ಡಿ.ಎಸ್. ಪ್ರೋಟೀನು. 2007ರಲ್ಲಿ ಯೀಸ್ಟಿನಿಂದಲೂ 2011ರಲ್ಲಿ ಇಲಿಯ ಕೋಶಗಳಿಂದಲೂ ಇದು ಸಿದ್ಧವಾಯಿತು. 2017ರಲ್ಲಿ ಇ.ಎಫ್.ಎಲ್.-1 ಕಿಣ್ವದಲ್ಲಿಯೇ ದೋಷವಿದ್ದ ಮಕ್ಕಳಲ್ಲಿಯೂ ಇಂಥದೇ ರೋಗವನ್ನು ಕಂಡರು. ಕಟ್ಟಡವು ಪೂರ್ತಿಯಾಗಿರುವುದು, ಆದರೆ ಕೊನೆಯ ಗೂಟವನ್ನು ಕೀಳುವವರಿಲ್ಲ. ಅಷ್ಟರಿಂದಲೇ ಒಂದು ಮಗುವಿನ ಬಾಳು ಸಂಕಟಕ್ಕೆ ಗುರಿಯಾಗುವುದು.

ಇಲ್ಲಿ ಇನ್ನೊಂದು ಆಶ್ಚರ್ಯವುಂಟು. ಗೂಟವನ್ನು ಕೀಳಲಾರದ ಯೀಸ್ಟಿನಲ್ಲಿ, ಗೂಟವೇ ಸಡಿಲವಾಗುವಂತೆ ಅದರ ವಂಶಬೀಜವು ಬದಲಾದರೆ, ಆ ಯೀಸ್ಟು ಮತ್ತೆ ಚೇತರಿಸಿಕೊಳ್ಳುವುದೆಂದು 2007ರಲ್ಲಿಯೇ ಕಂಡಿದ್ದರು. 2021ರಲ್ಲಿ ರೋಗಿಗಳ ರಕ್ತವನ್ನು ಶೋಧಿಸಿದಾಗ, ಮನುಷ್ಯನ ಮಜ್ಜೆಯಲ್ಲಿಯೂ ಕೆಲವು ಕೋಶಗಳು ಅಕಸ್ಮಾತ್ತಾಗಿ ಇದೇ ಬಗೆಯ ಬದಲಾವಣೆಯನ್ನು ಹೊಂದಿ, ಗೂಟವನ್ನು ಸಡಿಲಿಸಿಕೊಂಡು, ಉಳಿದವುಗಳಿಗಿಂತ ಚೆನ್ನಾಗಿ ವೃದ್ಧಿಯಾಗಿದ್ದುದು ಕಂಡುಬಂದಿತು. ಔಷಧಗಳಿಂದ ಈ ಗೂಟವನ್ನು ಸಡಿಲಿಸಬಹುದೆ ಎಂಬ ವಿಚಾರಕ್ಕೆ ಇದು ದಾರಿಯನ್ನು ತೋರಿಸಿರುವುದು. ಈಗಿನ ಚಿಕಿತ್ಸೆಯಲ್ಲಿ ಜೀರ್ಣಕಿಣ್ವಗಳನ್ನು ಬಾಯಿಂದ ಕೊಡುವರು, ಸೋಂಕುಗಳನ್ನು ತಡೆಯುವರು, ಅವಶ್ಯವಿದ್ದಲ್ಲಿ ಬೇರೊಬ್ಬರ ಮಜ್ಜೆಯನ್ನು ಸೇರಿಸುವರು.

ಈ ರೋಗವು ಸಾಮಾನ್ಯವಾಗಿ ತಂದೆತಾಯಿಗಳಿಬ್ಬರಿಂದಲೂ ದೋಷವುಳ್ಳ ಒಂದೊಂದು ಪ್ರತಿಯು ಮಗುವಿಗೆ ಬಂದಾಗಲೇ ಉಂಟಾಗುವುದು. ಒಂದೇ ಪ್ರತಿಯನ್ನು ಹೊತ್ತಿರುವ ತಂದೆತಾಯಿಗಳಿಗೆ ರೋಗವಿರುವುದಿಲ್ಲ. ತಾವು ಅದನ್ನು ಹೊತ್ತಿರುವುದೇ ಅವರಿಗೆ ತಿಳಿದಿರುವುದಿಲ್ಲ. ಅಂಥ ದಂಪತಿಗಳ ಪ್ರತಿಯೊಂದು ಮಗುವಿಗೂ ರೋಗವು ಬರುವ ಸಂಭವವು ನಾಲ್ಕರಲ್ಲಿ ಒಂದು ಪಾಲು. ಕನ್ನಡನಾಡಿನಲ್ಲಿ ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವ ರೂಢಿಯು ಬಹುಕಾಲದಿಂದ ಬಂದಿರುವುದು. ಹತ್ತಿರದ ರಕ್ತಸಂಬಂಧದಲ್ಲಿ ಒಂದೇ ಪೂರ್ವಜರಿಂದ ಬಂದ ಒಂದೇ ದೋಷವು ಎರಡೂ ಕಡೆಯಿಂದ ಕೂಡುವ ಸಂಭವವು ಹೆಚ್ಚೆಂಬುದನ್ನು ಹಿರಿಯರು ಲಗ್ನವನ್ನು ನಿಶ್ಚಯಿಸುವಾಗ ಮರೆಯಬಾರದು. ಮನೆತನದಲ್ಲಿ ಮಕ್ಕಳು ಎಳೆತನದಲ್ಲಿ ತೀರಿಕೊಂಡ, ಇಲ್ಲವೆ ಬೆಳೆಯದೆ ನರಳಿದ ನಿದರ್ಶನಗಳಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸತಕ್ಕದ್ದು. ಮತ್ತು ಇಂಥ ಮಗುವನ್ನು ಹೆತ್ತ ತಾಯಿಯನ್ನು ಕಾಲ್ಗುಣ ಸರಿಯಿಲ್ಲವೆಂದು ಹಳಿಯುವುದು ಘೋರವಾದ ಅನ್ಯಾಯವು. ತಪ್ಪು ಅವಳದಲ್ಲ, ಅವಳ ಗಂಡನದೂ ಅಲ್ಲ. ಅಂಗುಲದ ಹತ್ತು ಲಕ್ಷದ ಒಂದು ಪಾಲಿನಷ್ಟು ಎಡೆಯಲ್ಲಿ ಕೀಳದೆ ಉಳಿದ ಗೂಟವೊಂದೇ ಇದಕ್ಕೆ ಕಾರಣವು.

ಇನ್ನು ಮೊದಲು ಎತ್ತಿದ ಸಂಶಯಕ್ಕೆ ಬರುವುದು ಯುಕ್ತವು. ಕಿಣ್ವವು ಮೊದಲೋ ರೈಬೋಸೋಮು ಮೊದಲೋ? ಇಂದು ಬದುಕಿರುವ ಯಾವ ಕೋಶವೂ ಬರಿಗೈಯಿಂದ ಹುಟ್ಟುವುದಿಲ್ಲ. ಕೋಶವು ಎರಡಾಗಿ ಒಡೆಯುವಾಗ ತಾಯಿಕೋಶವು ತನ್ನಲ್ಲಿ ಸಿದ್ಧವಾಗಿದ್ದ ರೈಬೋಸೋಮುಗಳನ್ನೂ ಕಿಣ್ವಗಳನ್ನೂ ಎರಡೂ ಮಕ್ಕಳಿಗೆ ಹಂಚಿಕೊಡುವುದು; ಆ ಮೂಲಧನದಿಂದ ಮಕ್ಕಳು ಮುಂದಿನದನ್ನು ಕಟ್ಟಿಕೊಳ್ಳುವುವು. ಆದರೆ ಎಲ್ಲಕ್ಕೂ ಆದಿಯಲ್ಲಿ ಏನಿದ್ದಿತು? ಇದಕ್ಕೂ ಒಂದು ಸುಳುಹು ಸಿಕ್ಕಿರುವುದು. 2000ನೆಯ ಇಸವಿಯ ನಕ್ಷೆಗಳಲ್ಲಿ, ದೊಡ್ಡ ದಳದೊಳಗೆ ಮಣಿಗೆ ಮಣಿಯನ್ನು ಬೆಸೆಯುವ ಸ್ಥಳವು ಆರ್.ಎನ್.ಎ. ಎಳೆಯಿಂದಲೇ ಆಗಿರುವುದೆಂದು ಕಂಡುಬಂದಿತು. ಎಂದರೆ ರೈಬೋಸೋಮಿನ ಹೃದಯಸ್ಥಾನದಲ್ಲಿ ಆರ್.ಎನ್.ಎ. ಯೇ ಕಿಣ್ವದ ಕೆಲಸವನ್ನು ಮಾಡುತ್ತಿರುವುದು. ಬಹುಪ್ರಾಚೀನ ಕಾಲದಲ್ಲಿ ಪ್ರೋಟೀನುಗಳ ಸಹಾಯವಿಲ್ಲದೆ ಆರ್.ಎನ್.ಎ. ಒಂದೇ ಈ ಕೆಲಸವನ್ನು ಆರಂಭಿಸಿರಬೇಕೆಂದೂ, ಅದು ಪೋಣಿಸಿದ ಸರಗಳೇ ಕಾಲಕ್ರಮದಲ್ಲಿ ಅದಕ್ಕೆ ಸಹಾಯಕರಾಗಿ ಒದಗಿದುವೆಂದೂ ಅನೇಕ ವಿದ್ವಾಂಸರು ಊಹಿಸುವರು. ತಾನು ಬೆಳೆಸಿದ ಮಕ್ಕಳೇ ಮುಂದೆ ಊರೆಗೋಲಾದಂತೆ ಇದು.

ಸದ್ಭಕ್ತರೇ, ಉಪನ್ಯಾಸದ ಸಾರಾಂಶವು ಇಷ್ಟೇ. ರೈಬೋಸೋಮಿನ ಭಾಗಗಳಿಗೆ ಕೂಡುವ ಶಕ್ತಿಯು ತಮ್ಮಲ್ಲಿಯೇ ಇದ್ದರೂ, ಸಕಾಲದಲ್ಲಿ ತಪ್ಪಿಲ್ಲದೆ ಕೂಡಬೇಕಾದರೆ ಕಿಣ್ವಗಳ ಸಹಾಯವು ಬೇಕು. ಅವು ಬರೆಯುವುವು, ಗುರುತಿಡುವುವು, ಕತ್ತರಿಸುವುವು, ಸಿಕ್ಕನ್ನು ಬಿಡಿಸುವುವು, ಗೂಟವನ್ನು ಕೀಳುವುವು. ತಮ್ಮ ಪಾಲಿನ ಕೆಲಸವು ಮುಗಿದೊಡನೆ ಮುಂದಿನದರ ಕಡೆಗೆ ನಡೆಯುವುವು. ಈ ಮಂಟಪದಲ್ಲಿ ಕುಳಿತಿರುವ ಒಬ್ಬೊಬ್ಬರ ದೇಹದಲ್ಲಿಯೂ ಈ ಉಪನ್ಯಾಸವು ನಡೆದ ಹೊತ್ತಿನಲ್ಲಿ ಎಣಿಕೆಗೆ ಸಿಗದಷ್ಟು ರೈಬೋಸೋಮುಗಳು ಕಟ್ಟಲ್ಪಟ್ಟಿರುವುವು; ಎಣಿಕೆಗೆ ಸಿಗದಷ್ಟು ಸಹಾಯಕರು ಬಂದು ಹೋಗಿರುವರು. ಮಹೋತ್ಸವಕ್ಕಾಗಿ ಚಪ್ಪರವನ್ನು ಹಾಕಿದವರೂ ದಾಸೋಹದ ಒಲೆಗೆ ಸೌದೆಯನ್ನು ಒಡೆದವರೂ ಈಗ ಕಣ್ಣಿಗೆ ಕಾಣುತ್ತಿಲ್ಲ. ಅವರಿಲ್ಲದೆ ಮಹೋತ್ಸವವೂ ಇಲ್ಲ. ಅಂಥವರೆಲ್ಲರನ್ನೂ ನೆನೆದು, ಉಪನ್ಯಾಸವನ್ನು ಇಲ್ಲಿಗೆ ಮುಗಿಸಲಾಗಿರುವುದು.